‘ನಾನೇನೂ ಮಾಡಿಲ್ಲ’ ಅಂದರೆ ಸಾಕಾ?

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: ‘ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಬೇರೆಯವರ ಕಷ್ಟಕ್ಕೆ ನಾನ್ಯಾಕೆ ಹೊಣೆ?’ ಎರಡು ದಿನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಯೆಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಒಂದು ವಿಧಿ ಇದೆ. ಊರಾಚೆ ಬಯಲಿನಲ್ಲಿ ಹೆಣ ಸಿಕ್ಕಿದೆ. ಕೊಂದವರು ಯಾರೋ ಗೊತ್ತಿಲ್ಲ. ಆಗ ಹೆಣದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರ ಅಂತ ಅಳೆಯಬೇಕು. ಹತ್ತಿರದ ಊರಿನ ಹಿರಿಯರು ನೊಗ ಹೊರದ ಕಡಸನ್ನು ನೀರು ಹರಿಯುವ ಕಣಿವೆಗೆ ಒಯ್ದು, ಅದರ ಕತ್ತು ಮುರಿದು, ಕೈ ತೊಳೆದು ಹೇಳಬೇಕು: ‘ಈ ರಕ್ತವನ್ನು ನಮ್ಮ ಕೈ ಸುರಿಸಿಲ್ಲ.’

ಯೆಹೂದಿ ಗುರುಗಳ ಮಾತುಗಳನ್ನು ಕೂಡಿಸಿದ, ಸುಮಾರು 1,800 ವರ್ಷ ಹಿಂದಿನ ಧರ್ಮನಿಯಮಗಳ ಸಂಗ್ರಹ ಮಿಶ್ನಾ ಇಲ್ಲಿ ತಡೆದು ಕೇಳುತ್ತದೆ: ಹಿರಿಯರೇ ಕೊಂದರು ಅಂತ ಯಾರಾದರೂ ಅಂದುಕೊಂಡಿದ್ದರಾ? ಇಲ್ಲ. ಆ ಮಾತಿನ ಅರ್ಥ ಬೇರೆ. ನಮ್ಮ ಬಳಿ ಬಂದವನನ್ನು ಊಟ ಕೊಡದೆ ಕಳಿಸಲಿಲ್ಲ. ಕಂಡವನನ್ನು ಜೊತೆ ಇಲ್ಲದೆ ದಾರಿಗೆ ಬಿಡಲಿಲ್ಲ. ಅಷ್ಟನ್ನು ಹೇಳಲು ಬಂದರೆ ಮಾತ್ರ ಕೈ ಶುದ್ಧ!

ಕನ್ನಡದಲ್ಲಿ ‘ನಾನೇನೂ ಮಾಡಿಲ್ಲ’ ಅಂದರೆ ತಪ್ಪು ಮಾಡಿಲ್ಲ ಅಂತಲೂ ಹೌದು, ಸುಮ್ನೆ ಕೂತಿದ್ದೆ ಅಂತಲೂ ಹೌದು, ಅಲ್ವಾ? ನಾವು ಮೊದಲನೆಯದನ್ನು ಹೇಳುತ್ತೇವೆ. ಮಿಶ್ನಾ ಎರಡನೆಯದನ್ನು ಕೇಳುತ್ತದೆ.

‘ಟ್ಯಾಕ್ಸ್ ಕಟ್ಟುತ್ತೇವೆ, ಸರ್ಕಾರ ನೋಡಿಕೊಳ್ಳಲಿ’ ಅನ್ನುತ್ತೀರಾ? ಸ್ವಾಮಿ, ಅಲ್ಲಿ ಅಳೆಯುವುದು ಅರಮನೆಗೆ ಎಷ್ಟು ದೂರ ಅಂತಲ್ಲ, ಹತ್ತಿರದ ಊರಿಗೆ ಎಷ್ಟು ದೂರ ಅಂತ. ಹೆಣ ಊರಂಚಿನಲ್ಲೇ ಬಿದ್ದಿದ್ದು, ಯಾವ ಊರು ಅಂತ ಕಣ್ಣಿಗೆ ಕಾಣುತ್ತಿದ್ದರೂ ಅಳೆಯಲೇಬೇಕು. ಇದು ನನಗೆ ತುಂಬಾ ಹಿಡಿಸಿದ ಮಾತು. ನಮ್ಮದೇ ಹೊಣೆ ಅಂತ ಗೊತ್ತಿದ್ದರೂ, ಹಗ್ಗ ಹಿಡಿದು ಬಗ್ಗಿ ನೋಡು!

‘ಕೈಯಲ್ಲಿ ದುಡ್ಡಿಲ್ಲ’ ಅಂತೀರಾ? 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯರಾಗಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್ ಬರೆದಿದ್ದಾರೆ: ದಾನ ಪಡೆದು ಬದುಕುವ ಬಡವನೂ ಕೊಡಬೇಕು. ದಾನಕ್ಕೆ ಯೆಹೂದಿಗಳ ಹೀಬ್ರೂ ಪದ ‘ತ್ಸೆದಾಕಾ’. ಅದರ ಬೇರಿನಲ್ಲಿರುವುದು ನ್ಯಾಯ. ಮನಸ್ಸು ಬಂದಾಗ ತೋರಿಸುವ ಕರುಣೆ ಅಲ್ಲ ಅದು, ಕೊಡಬೇಕಾದ ಬಾಕಿ!

‘ಗುರುತು ಪರಿಚಯ ಇಲ್ಲದವರಿಗೆ ಯಾಕೆ?’ ಸಾಕು ಬಿಡಿ! ಬಯಲಿನಲ್ಲಿ ಬಿದ್ದವನ ಪರಿಚಯ ಯಾರಿಗಿತ್ತು? ಊಟ ಹಾಕಿದಿರಾ? ಜೊತೆಗೆ ನಾಲ್ಕು ಹೆಜ್ಜೆ ಹೋದಿರಾ? ಕೇಳುವುದು ಅಷ್ಟೇ. ಎಷ್ಟು ಸಲ ಕೇಳಿದರೂ ಅಷ್ಟೇ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮುಂದಿನ ವಾರ ಮೈಮೊನಿಡೀಸ್ ಹೇಳಿದ ದಾನದ ಎಂಟು ಮೆಟ್ಟಿಲುಗಳ ಬಗ್ಗೆ ಮಾತಾಡೋಣ. ಕಮೆಂಟ್ ಬರೆದ ಅಣ್ಣಾ, ನಿಮ್ಮ ಮೇಲೆ ಕೋಪ ಇಲ್ಲ. ಕಷ್ಟದಲ್ಲಿರುವವರ ಮನೆ ನಿಮ್ಮ ಬಾಗಿಲಿನಿಂದ ಎಷ್ಟು ದೂರ? ಒಮ್ಮೆ ನಡೆದು ನೋಡಿ, ಎಷ್ಟು ಹೆಜ್ಜೆ ಅಂತ ಕೆಳಗೆ ಬರೆಯಿರಿ. ನಾನೂ ನನ್ನದನ್ನು ಬರೆಯುತ್ತೇನೆ.