ಎರಡು ಕೈ ಬೇಕಾಗೋದೇ ಸರಿ

ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಸೀಸನ್ ಟೈಮಲ್ಲಿ ನಿಂತು ನೋಡಿ. ಗಿರಾಕಿ ತಲೆ ಮೇಲೆ ನಿಂತಿರ್ತಾರೆ, ಡಿಟಿಪಿ ಹುಡುಗ ಕೋರೆಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಗಣಪತಿ ಕೂರಿಸ್ತಿರ್ತಾನೆ. ಪರದೆ ಮಂಕಾಗಿ 'ನಾಟ್ ರೆಸ್ಪಾಂಡಿಂಗ್' ಅಂತ ಬಂತು ಅಂದ್ರೆ ಸಾಕು, ಕೈ ಸೀದಾ ಟೇಬಲ್ ಕೆಳಗಿನ ಪವರ್ ಬಟನ್‌ಗೆ. ನನಗೆ ಮೈ ಉರಿಯೋದೇ ಇಲ್ಲಿ.

'ನಾಟ್ ರೆಸ್ಪಾಂಡಿಂಗ್' ಅನ್ನೋ ಮಾತಿಗೆ ಅರ್ಥ ಇಷ್ಟೇ: ಆ ಕಿಟಕಿ ಸುಮಾರು 5 ಸೆಕೆಂಡಿಂದ ವಿಂಡೋಸ್‌ಗೆ ಓಗೊಟ್ಟಿಲ್ಲ. ಸತ್ತಿದೆ ಅಂತ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ಯಾವ ಪ್ರೋಗ್ರಾಂ ಏನು ಮಾಡ್ತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ಬರುತ್ತೆ. ಸಿಪಿಯು, ಡಿಸ್ಕ್ ಅಂಕಿಗಳು ಏರಿಳೀತಾ ಇದ್ರೆ ಬಹುಶಃ ಕೆಲಸ ನಡೀತಿದೆ, ಬೈಟು ಕಾಫಿ ಕುಡ್ಕೊಂಡು ಬನ್ನಿ. ಎಷ್ಟು ಕಾದ್ರೂ ಜಪ್ಪಯ್ಯ ಅನ್ನಲ್ವಾ? ಅಲ್ಲೇ ಆ ಪ್ರೋಗ್ರಾಂ ಆರಿಸಿ ಎಂಡ್ ಟಾಸ್ಕ್ ಕೊಡಿ. ಸೇವ್ ಮಾಡದ ಗಣಪತಿ ಹೋಗ್ತಾನೆ, ನಿಜ. ಆದ್ರೆ ಪಕ್ಕದಲ್ಲಿ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯಲ್ಲಿ ಟೈಪ್ ಮಾಡಿಟ್ಟ ಬಂಧುಬಳಗದ ಹೆಸರುಗಳು ಹಾಗೇ ಇರ್ತವೆ. ಪವರ್ ಬಟನ್ ಹಿಡಿದ್ರೆ ಎಲ್ಲಾ ಹೋಗುತ್ತೆ, ಡಿಸ್ಕ್‌ಗೆ ಅರ್ಧ ಬರೆದ ಫೈಲೂ ಕೆಡಬಹುದು. ಮ್ಯಾಕ್‌ನವರು ಹೀಗೆ ಪ್ರೋಗ್ರಾಂ ಮುಚ್ಚೋಕೆ ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿ.

ಇನ್ನು ಹಳೇ ಹುಲಿ, ಕಂಟ್ರೋಲ್-ಆಲ್ಟ್-ಡಿಲೀಟ್. ಐಬಿಎಂನ ಡೇವಿಡ್ ಬ್ರಾಡ್ಲಿ 1981ರ ಪಿಸಿ ಕಟ್ಟೋವಾಗ, ಡೆವಲಪರ್‌ಗಳು ಬೇಗ ರೀಸ್ಟಾರ್ಟ್ ಮಾಡ್ಲಿ ಅಂತ ಮಾಡಿದ್ದು. ಮೊದಲು ಕೊನೇ ಕೀ ಎಸ್ಕೇಪ್ ಆಗಿತ್ತು. ಎಡಗೈ ತಾಗಿದ್ರೇ ಮಿಷನ್ ರೀಸ್ಟಾರ್ಟ್! ಅದಕ್ಕೇ ಎರಡೂ ಕೈ ಬೇಕಾಗ್ಲಿ ಅಂತ ಬೇಕಂತಲೇ ಆಚೆ ತುದಿಯ ಡಿಲೀಟ್‌ಗೆ ಬದಲಾಯಿಸಿದ್ರು. 1993ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ ಅದನ್ನೇ ಲಾಗಿನ್‌ಗೆ ತಗೊಂತು. ಬೇರೆ ಪ್ರೋಗ್ರಾಂ ಈ ಮೂರು ಕೀನ ನಡುವೆ ಹಿಡಿಯೋಕಾಗಲ್ಲ, ಹಾಗಾಗಿ ನಕಲಿ ಲಾಗಿನ್ ಪರದೆ ಪಾಸ್‌ವರ್ಡ್ ಕದಿಯೋದು ಕಷ್ಟ. 2013ರಲ್ಲಿ ಬಿಲ್ ಗೇಟ್ಸ್ ಹಾರ್ವರ್ಡ್‌ನಲ್ಲಿ ಇದಕ್ಕೆ ಒಂದೇ ಬಟನ್ ಇರಬೇಕಿತ್ತು, ಇದು ತಪ್ಪಾಯ್ತು ಅಂದ್ರು. ನಾನಂತೂ ಒಪ್ಪಲ್ಲ. ಒಂದೇ ಬೆರಳಿಗೆ ಸಿಗೋ ಬಟನ್ ಏನು ಮಾಡುತ್ತೆ ಅಂತ ಸುಲ್ತಾನ್‌ಪೇಟೆಯಲ್ಲಿ ದಿನಾ ಕಾಣ್ತಿದೆಯಲ್ಲ ಸ್ವಾಮಿ!

ಪರದೆ ಪೂರ್ತಿ ಕಪ್ಪಾದ್ರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ. ಪರದೆಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತೆ, ತೆರೆದಿದ್ದ ಕೆಲಸ ಹಾಗೇ ಇರುತ್ತೆ. ಯಾವುದಕ್ಕೂ ಬಗ್ಗಲಿಲ್ವಾ? ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ, ಮೂಲೆಯ ಪವರ್ ಚಿಹ್ನೆಯನ್ನ ಕಂಟ್ರೋಲ್ ಹಿಡ್ಕೊಂಡು ಕ್ಲಿಕ್ ಮಾಡಿ. ತುರ್ತು ರೀಸ್ಟಾರ್ಟ್ ಮಾಡ್ಲಾ ಅಂತ ಕೇಳುತ್ತೆ, ಸೇವ್ ಆಗದ್ದು ಹೋಗುತ್ತೆ ಅಂತ ಮೊದಲೇ ಹೇಳುತ್ತೆ.