2 ಎಂ.ಎಲ್. ಹಾಲು ಯಾರಿಗೆ? ದಿನ ತುಂಬದ ಮಗುವಿನ ಕರುಳಿನ ಕಥೆ

[ಪರದೆ: ಸಿರಿಂಜ್‌ನಲ್ಲಿ ಒಂದಿಷ್ಟು ಎದೆಹಾಲು]

ನಮಸ್ಕಾರ. ಈ ಸಿರಿಂಜ್‌ನಲ್ಲಿರುವುದು 2 ಎಂ.ಎಲ್. ಹಾಲು. ಅರ್ಧ ಟೀ ಚಮಚವೂ ಆಗುವುದಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ, 1,200 ಗ್ರಾಂ ತೂಕದ ಮಗುವಿಗೆ ಮೊದಮೊದಲು ಎರಡು ಗಂಟೆಗೊಮ್ಮೆ ಸುಮಾರು ಇಷ್ಟೇ ಕೊಡುತ್ತಾರೆ. "ಇಷ್ಟರಲ್ಲಿ ಹೊಟ್ಟೆ ತುಂಬುತ್ತಾ ಡಾಕ್ಟ್ರೇ?" ಅಂತ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹೊರಗೆ ಕೂತ ಅಜ್ಜಿ ಕೇಳುವುದು ಸಹಜ, ಅಲ್ವಾ?

ತುಂಬುವುದಿಲ್ಲ. ಆ ದಿನಗಳಲ್ಲಿ ಮಗುವಿಗೆ ಬೇಕಾದ ಸಕ್ಕರೆ, ಪ್ರೋಟೀನ್, ಕೊಬ್ಬು ಡ್ರಿಪ್ ಮೂಲಕ ರಕ್ತಕ್ಕೆ ಹೋಗುತ್ತಿರುತ್ತವೆ. ಈ 2 ಎಂ.ಎಲ್. ಕರುಳಿಗೆ.

ಹೊಟ್ಟೆಯೊಳಗಿದ್ದಾಗ ಮಗು ಸುತ್ತಲಿನ ಗರ್ಭಜಲವನ್ನು ನುಂಗುತ್ತಾ ಇರುತ್ತದೆ. ಕರುಳು ಬೆಳೆಯಲು ಅದೂ ಬೇಕು. 30 ವಾರಕ್ಕೇ ಹೆರಿಗೆಯಾದರೆ ಅದು ಥಟ್ಟನೆ ನಿಂತುಹೋಗುತ್ತದೆ. ಆಮೇಲೂ ಕರುಳಿಗೆ ಏನೂ ಹೋಗದಿದ್ದರೆ ಅದರ ಒಳಪದರ ತೆಳುವಾಗುತ್ತದೆ. ಜೀರ್ಣಕ್ಕೆ ಬೇಕಾದ ಹಾರ್ಮೋನುಗಳು ಸರಿಯಾಗಿ ಹೊರಡುವುದಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಈ ಮಕ್ಕಳಲ್ಲಿ ಮೊದಲೇ ಕಡಿಮೆ. ಹಾಲು ಬೇಗ ಶುರುವಾದರೆ ಅದೂ ಬೇಗ ಏರುತ್ತದೆ. ಅಂದರೆ ಹಾಲು ನಿಲ್ಲಿಸಿದರೆ ಕರುಳಿಗೆ ವಿಶ್ರಾಂತಿ ಸಿಗುವುದಿಲ್ಲ, ಕರುಳು ಸೊರಗುತ್ತದೆ.

[ಪರದೆ: ಎನ್‌ಇಸಿ]

ಹಾಗಿದ್ದರೂ ವೈದ್ಯರು ಹಿಂದೆ ಹಾಲು ಶುರು ಮಾಡಲು ದಿನಗಟ್ಟಲೆ ಕಾಯುತ್ತಿದ್ದದ್ದು ಸುಮ್ನೆ ಅಲ್ಲ. ಬೇಗ ಹಾಲು ಕೊಟ್ಟರೆ ಎನ್‌ಇಸಿ ಅನ್ನುವ ಕಾಯಿಲೆ ಬಂದೀತು ಅನ್ನುವ ಭಯ. ಇದರಲ್ಲಿ ಕರುಳಿನ ಗೋಡೆ ಉರಿಯೂತದಿಂದ ಸಾಯತೊಡಗುತ್ತದೆ, ಮಗುವಿನ ಜೀವಕ್ಕೇ ಅಪಾಯ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಗರ್ಭದಲ್ಲೇ ಬೆಳವಣಿಗೆ ಕುಂಠಿತವಾಗಿದ್ದ ಸುಮಾರು 400 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ಎರಡನೇ ದಿನ, ಉಳಿದವರಿಗೆ ಆರನೇ ದಿನ ಹಾಲು ಶುರು. 2012ರಲ್ಲಿ ಫಲಿತಾಂಶ ಬಂತು: ಬೇಗ ಶುರು ಮಾಡಿದವರು ಬೇಗ ಪೂರ್ತಿ ಹಾಲಿಗೆ ಬಂದರು, ಎನ್‌ಇಸಿ ಹೆಚ್ಚಾಗಲಿಲ್ಲ. ದಿನದಿನಕ್ಕೆ ಎಷ್ಟು ಏರಿಸಬೇಕು? ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಎಂ.ಎಲ್.ವರೆಗೆ ಏರಿಸಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಹಾಲು ಅನ್ನುವುದು. ತಾಯಿಯ ಹಾಲಿನಲ್ಲಿ ಕೊಬ್ಬು ಕರಗಿಸುವ ಲೈಪೇಸ್ ಇದೆ, ಸೋಂಕು ತಡೆಯುವ ಐಜಿಎ ಇದೆ. ಮಗು ಜೀರ್ಣಿಸಿಕೊಳ್ಳಲಾಗದ ಕೆಲವು ಸಕ್ಕರೆಗಳೂ ಇವೆ! ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ತಾಯಿಗೆ ಹಾಲು ಬರುವುದು ತಡವಾದರೆ ಮಿಲ್ಕ್ ಬ್ಯಾಂಕ್ ಹಾಲು, ಅಂದರೆ ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಇಂಥ ಬ್ಯಾಂಕ್ ಶುರು ಮಾಡಿದ್ದರು. ಆ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದರಿಂದ ಲೈಪೇಸ್ ಹಾಳಾಗುತ್ತದೆ. ಆದರೂ ತೀರಾ ಚಿಕ್ಕ ಮಕ್ಕಳಲ್ಲಿ ಡಬ್ಬಿ ಹಾಲಿಗಿಂತ ಎನ್‌ಇಸಿ ಅಪಾಯ ಕಡಿಮೆ. ಹಾಗಾಗಿ ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ದಯವಿಟ್ಟು ಚೆಲ್ಲಬೇಡಿ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ. ಹನಿಯಷ್ಟೇ ಬಂದರೂ ನರ್ಸ್‌ಗೆ ಕೊಡಿ.

[ಪರದೆ: ಒಳಲೆ]

ಚೀಪುವುದು, ನುಂಗುವುದು, ಉಸಿರಾಡುವುದು ಹೊಂದಿಕೊಳ್ಳಲು ಸಾಮಾನ್ಯವಾಗಿ ಬಸಿರಿನ ಲೆಕ್ಕದಲ್ಲಿ 32ರಿಂದ 34 ವಾರ ಆಗಬೇಕು. ಅಲ್ಲಿಯವರೆಗೆ ಟ್ಯೂಬ್, ಆಮೇಲೆ ಒಳಲೆ, ಮತ್ತೆ ಎದೆ.

ಮನೆಗೆ ಬಂದ ಮೇಲೆ ಜೇನು, ಸಕ್ಕರೆ ನೀರು, ಕತ್ತೆ ಹಾಲು ಯಾವುದೂ ಬೇಡ. ಹಿರಿಯರು ಬೇಜಾರಾದರೂ ಪರವಾಗಿಲ್ಲ. ಹೊಟ್ಟೆ ಬಿಗಿಯಾಗಿ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.