ಅಸಲಿಗೆ ಕೈ ಹಾಕೋದು ಬೇಡ

ನಮಸ್ಕಾರ ಕೇಳುಗರೇ. ಇವತ್ತು ಉತ್ತರ ಅಮೆರಿಕದ ಮಹಾಸರೋವರಗಳ ವಿಷಯ ಮಾತಾಡೋಣ. ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಭೂಮಿ ಮೇಲ್ಮೈಲಿರೋ ಸಿಹಿನೀರಲ್ಲಿ, ಹಿಮಗಡ್ಡೆ ಬಿಟ್ಟು, ಸುಮಾರು ಐದರಲ್ಲಿ ಒಂದು ಪಾಲು ಈ ಐದರಲ್ಲೇ ಇದೆ. ಅಷ್ಟೊಂದು ನೀರಿದ್ದೂ ಒಂದು ಚೊಂಬು ಹೊರಗೆ ಕೊಡೋಕೂ ಅಲ್ಲಿನ ಜನ ಯಾಕೆ ಅಷ್ಟು ಹಿಂದೇಟು ಹಾಕ್ತಾರೆ ಅಂತ ನನಗೂ ಮೊದ್ಲು ಅರ್ಥ ಆಗಿರ್ಲಿಲ್ಲ.

1998ರಲ್ಲಿ ಕೆನಡಾದ ಒಂಟಾರಿಯೊ ಸರ್ಕಾರ ಒಂದು ಖಾಸಗಿ ಕಂಪನಿಗೆ ಪರ್ಮಿಟ್ ಕೊಡ್ತು, ಸುಪೀರಿಯರ್ ಸರೋವರದಿಂದ ವರ್ಷಕ್ಕೆ 60 ಕೋಟಿ ಲೀಟರ್ ತನಕ ನೀರನ್ನ ಹಡಗಲ್ಲಿ ತುಂಬ್ಕೊಂಡು ಏಷ್ಯಾಗೆ ಒಯ್ಯೋಕೆ. ಆ ಸರೋವರಕ್ಕೆ ಅದು ಲೆಕ್ಕಕ್ಕೇ ಬರದ ನೀರು, ಆದ್ರೂ ಗಡಿಯ ಎರಡೂ ಕಡೆ ಎಷ್ಟು ಗಲಾಟೆ ಆಯ್ತು ಅಂದ್ರೆ ಪರ್ಮಿಟ್ಟನ್ನೇ ವಾಪಸ್ ತಗೋಬೇಕಾಯ್ತು. ಜನರ ಭಯ ಆ ಒಂದು ಹಡಗಿನದ್ದಲ್ಲ, ಇವತ್ತು ಒಬ್ಬರಿಗೆ ಮಾರಿದ್ರೆ ನಾಳೆ ಬೇರೆಯವರಿಗೆ ಯಾವ ಬಾಯಲ್ಲಿ ಇಲ್ಲ ಅನ್ನೋದು ಅನ್ನೋದು. ಆ ಭಯ ಸರಿನೇ. ಯಾಕಂದ್ರೆ ಅದು ಹಿಮನದಿಗಳು ಕರಗಿ ಬಿಟ್ಟುಹೋದ ನೀರು, ಮಳೆ ಹಿಮದಿಂದ ವರ್ಷಕ್ಕೆ ಮತ್ತೆ ತುಂಬೋದು ಶೇಕಡ 1ರಷ್ಟು ಮಾತ್ರ. ಬಡ್ಡಿ ಅಷ್ಟೇ, ಉಳಿದದ್ದೆಲ್ಲ ಅಸಲು.

ಮುಂದೆ 2008ರಲ್ಲಿ ಸರೋವರಗಳ ಸುತ್ತಲಿರೋ ಅಮೆರಿಕದ 8 ರಾಜ್ಯಗಳ ಒಪ್ಪಂದ ಕಾನೂನಾಯ್ತು: ಕೆಲವೇ ವಿನಾಯಿತಿ ಬಿಟ್ರೆ ಜಲಾನಯನ ಪ್ರದೇಶದ, ಅಂದ್ರೆ ಬಿದ್ದ ಮಳೆ ಸರೋವರಗಳಿಗೆ ಹರಿದು ಬರೋ ಜಾಗದ, ಆಚೆಗೆ ನೀರು ತಿರುಗಿಸೋ ಹಾಗಿಲ್ಲ. ಇದಕ್ಕೆ ನಿಜವಾದ ಪರೀಕ್ಷೆ ಬಂದಿದ್ದು ವಿಸ್ಕಾನ್ಸಿನ್ ರಾಜ್ಯದ ವಾಕಿಶಾ ಊರಿಂದ. ಬಾವಿ ನೀರಲ್ಲಿ ರೇಡಿಯಂ ಅನ್ನೋ ಅಪಾಯಕಾರಿ ವಿಕಿರಣಶೀಲ ಧಾತು, ಮಿಶಿಗನ್ ಸರೋವರ ಹತ್ತಿರದಲ್ಲೇ ಇದೆ, ಆದ್ರೆ ಊರು ಆ ಜಲಾನಯನದ ಗಡಿಯಿಂದ ಆಚೆ, ಅಲ್ಲಿ ಬಿದ್ದ ಮಳೆ ಮಿಸಿಸಿಪ್ಪಿ ನದಿ ಕಡೆಗೆ ಹೋಗತ್ತೆ. ಸರೋವರದ ದಡದ ಎಷ್ಟೋ ಊರುಗಳ ಮೇಯರ್‌ಗಳು ಬೇಡವೇ ಬೇಡ ಅಂದ್ರು. ಆದ್ರೂ 2016ರಲ್ಲಿ ಎಂಟೂ ರಾಜ್ಯಗಳು ಒಪ್ಪಿದ್ವು, ಬಳಸಿದ ನೀರನ್ನ ಶುದ್ಧ ಮಾಡಿ ರೂಟ್ ನದಿ ಮೂಲಕ ಸರೋವರಕ್ಕೇ ವಾಪಸ್ ಬಿಡ್ಬೇಕು ಅನ್ನೋ ಷರತ್ತಿನ ಮೇಲೆ. ವಿರೋಧಿಸಿದವರ ಕಾಳಜಿ ಬಗ್ಗೆ ನನಗೆ ಗೌರವ ಇದೆ, ಆದ್ರೆ ಈ ತೀರ್ಮಾನ ಸರಿ ಅಂತ್ಲೇ ನನ್ನ ಅಭಿಪ್ರಾಯ. ಬಾಯಾರಿದ ಪಕ್ಕದೂರಿಗೆ ನೀರು ಸಿಕ್ತು, ಅಸಲೂ ಉಳೀತು.

ನನ್ನ ನಿದ್ದೆ ಕೆಡಿಸೋದು ಬೇರೆ ವಿಷಯ. 5.7 ಗ್ಯಾಲನ್ (ಇಪ್ಪತ್ತು ಲೀಟರ್ ಆಸುಪಾಸು) ಅಥವಾ ಅದಕ್ಕಿಂತ ಚಿಕ್ಕ ಡಬ್ಬಿ, ಬಾಟಲಿಯಲ್ಲಿ ಹೋಗೋ ನೀರು ಈ ಕಾನೂನಿನ ಪ್ರಕಾರ ನೀರು ತಿರುಗಿಸಿದ ಹಾಗೇ ಅಲ್ಲ, ಅದನ್ನ ಆಯಾ ರಾಜ್ಯಕ್ಕೇ ಬಿಟ್ಟಿದ್ದಾರೆ. ಹಡಗಲ್ಲಿ ಒಯ್ದ್ರೆ ತಪ್ಪು, ಅದೇ ನೀರನ್ನ ಬಾಟಲಿ ತುಂಬಿ ಲಾರಿಗೆ ಹಾಕಿದ್ರೆ ಸರಿನಾ? ಮಿಶಿಗನ್ ರಾಜ್ಯದಲ್ಲಿ ಇದೇ ಪ್ರಶ್ನೆ ಇಟ್ಕೊಂಡು ಹಳ್ಳಿ ಜನ ಬಾಟಲಿ ನೀರಿನ ಕಂಪನಿ ಮೇಲೆ ಸುಮಾರು ಎಂಟು ವರ್ಷ ಕೋರ್ಟಿಗೆ ಅಲೆದ್ರು, ಕೊನೆಗೆ 2009ರಲ್ಲಿ ರಾಜಿ ಆಗಿ ಅಲ್ಲಿನ ಬಾವಿಗಳಿಂದ ಕಂಪನಿ ಎತ್ತೋ ನೀರು ಕಡಿಮೆ ಆಯ್ತು. ಕಾನೂನಿನ ಆ ಸಾಲು ಮಾತ್ರ ಇನ್ನೂ ಹಾಗೇ ಇದೆ.